ಕಷ್ಟ ಬೇಕಾಗಿದೆ, ದರ ತಿಳಿಸಿ

ಕೈಗೆ ಮೊದಲ ಸಲ ನಾಲ್ಕು ಕಾಸು ಬಂದಾಗ ಮನುಷ್ಯ ಸುಖ ಕೊಳ್ಳುತ್ತಾನೆ. ಫ್ಯಾನು, ಮಿಕ್ಸಿ, ಬೋರಿಗೊಂದು ಮೋಟಾರು. ಇನ್ನಷ್ಟು ಬಂದರೆ ದೊಡ್ಡ ಸೈಜಿನ ಸುಖ. ಎಣಿಸಿ ಕೈಸೋಲುವಷ್ಟು ಬಂದ ಮೇಲೆ ಮಾತ್ರ ಅವನ ಕಣ್ಣು ಕಷ್ಟದ ಮೇಲೆ ಬೀಳುತ್ತದೆ. ನಮ್ಮ ಕೋಲಾರ ಜಿಲ್ಲೆಯಲ್ಲಿ ಕಷ್ಟಕ್ಕೆ ಎಂದೂ ಬರ ಬಂದಿಲ್ಲ. ಮಳೆ ಕೈಕೊಟ್ಟ ವರ್ಷ ಅದರ ಫಸಲು ಇನ್ನೂ ಜಾಸ್ತಿ. ಆದರೆ ಬಿಟ್ಟಿ ಸಿಗುವ ಮಾಲನ್ನು ಯಾರು ಮೂಸುತ್ತಾರೆ? ಅದೇ ಕಷ್ಟವನ್ನು ತೊಳೆದು, ಒರೆಸಿ, ‘ಫೀಲ್’ ಎಂದು ಚೀಟಿ ಅಂಟಿಸಿ, ಬಿಲ್ಲಿನಲ್ಲಿ ಆರಂಕಿ ಬರೆದು ನೋಡಿ. ಸಾಲುಗಟ್ಟಿ ನಿಲ್ಲುತ್ತಾರೆ.

ಈಗ ಬಂದಿರುವ ಹೊಸ ಸರಕು ಇದು: ಪವರ್ ಸ್ಟೇರಿಂಗ್ ಇರುವ ಸ್ಪೋರ್ಟ್ಸ್ ಕಾರು ಕೊಳ್ಳುವುದು, ಕೊಂಡ ಮೇಲೆ ಗ್ಯಾರೇಜಿಗೆ ಒಯ್ದು ಆ ಪವರ್ ಸ್ಟೇರಿಂಗನ್ನು ಬಿಚ್ಚಿಸುವುದು. ಅಂದರೆ, ಒಂದು ಬೆರಳಿನಲ್ಲಿ ತಿರುಗುತ್ತಿದ್ದ ಚಕ್ರವನ್ನು ಎರಡು ಕೈ, ಎರಡು ಭುಜ, ಸ್ವಲ್ಪ ಸೊಂಟ ಮತ್ತು ಮನೆದೇವರ ಹೆಸರು ಸೇರಿಸಿ ತಿರುಗಿಸುವ ಸ್ಥಿತಿಗೆ ತರುವುದು. ಅಮೆರಿಕ, ಇಂಗ್ಲೆಂಡಿನ ಕಾರುಪ್ರಿಯರಲ್ಲಿ ಈ ಗೀಳು ಹಳೆಯದು. 1989ರಲ್ಲಿ ಬಂದ ಮಾಜ್ದಾ ಮಿಯಾಟಾ ಎಂಬ ಎರಡು ಸೀಟಿನ ಪುಟ್ಟ ಕಾರಿನ ಭಕ್ತರಂತೂ ಇದನ್ನೊಂದು ದೀಕ್ಷೆಯಂತೆ ತೆಗೆದುಕೊಳ್ಳುತ್ತಾರೆ. ನಮ್ಮವರು ದೀಕ್ಷೆಯ ವಿಷಯದಲ್ಲಿ ಹಿಂದೆ ಬಿದ್ದವರೇ?

ಇಂಥವರೊಬ್ಬರನ್ನು ಚಿಕ್ಕ ಯಜಮಾನರು ಎಂದು ಕರೆಯೋಣ. ಹೆಸರು ಬೇಡ, ಇವರು ಒಬ್ಬರಲ್ಲ, ಒಂದು ಜಾತಿ. ಮೂಲ ಮಾಲೂರು ಕಡೆ. ಕೈಗಾರಿಕಾ ಪ್ರದೇಶಕ್ಕೆಂದು ಅರ್ಧ ಜಮೀನು ಹೋಯಿತು, ಉಳಿದರ್ಧದ ಪಕ್ಕದಲ್ಲಿ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾದುಹೋಯಿತು. ನೀಲಗಿರಿ ತೋಪಿಗೆ ಬಂಗಾರದ ಬೆಲೆ ಬಂತು. ಕೆಜಿಎಫ್‌ನ ಬಂಗಾರದ ಗಣಿ 2001ರಲ್ಲಿ ಮುಚ್ಚಿದಾಗ ಅತ್ತಿದ್ದ ಜಿಲ್ಲೆಗೆ, ಬಂಗಾರ ತೆಗೆಯಲು ನೆಲ ಅಗೆಯಲೇಬೇಕಿಲ್ಲ, ಅಳೆದು ಕೊಟ್ಟರೂ ಸಾಕು ಎಂದು ಗೊತ್ತಾದ ಕಾಲ ಅದು. ಚಿಕ್ಕ ಯಜಮಾನರು ವೈಟ್‌ಫೀಲ್ಡಿನಲ್ಲಿ ಫ್ಲ್ಯಾಟು ಮಾಡಿದರು, ಕೆಂಪು ಬಣ್ಣದ, ನೆಲಕ್ಕೆ ಹೊಟ್ಟೆ ತಾಗುವ ಸೆಕೆಂಡ್ ಹ್ಯಾಂಡ್ ವಿದೇಶಿ ಕಾರೊಂದನ್ನು ತಂದರು. ಅವರ ಅಪ್ಪ, ದೊಡ್ಡ ಯಜಮಾನರು, ಊರಿನಲ್ಲೇ ಉಳಿದರು. ಅವರಿಗೂ ಒಂದು ಗಾಡಿ ಬಂತು, ಹೊಸ ಟ್ರ್ಯಾಕ್ಟರು. ಅಂಗಡಿಯವನು ಕಂತು, ಸಬ್ಸಿಡಿ, ರೊಟವೇಟರು ಅಂತ ಒಂದು ಗಂಟೆ ಮಾತಾಡಿದ. ಯಜಮಾನರು ಕೇಳಿದ್ದು ಒಂದೇ:

“ಪವರ್ ಸ್ಟೇರಿಂಗ್ ಐತಾ?”

ಹಳೆಯ ಟ್ರ್ಯಾಕ್ಟರಿನ ಸ್ಟೇರಿಂಗನ್ನು ಗೊತ್ತಿದ್ದವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಉತ್ತ ನೆಲದಲ್ಲಿ ಮುಂದಿನ ಗಾಲಿ ಹೆಂಟೆಗೆ ಬಡಿದರೆ ಆ ಏಟು ನೇರ ಕೈಗೆ ಬರುತ್ತಿತ್ತು. ಕಲಿಸುವವರು ಮೊದಲ ದಿನವೇ ಹೇಳುತ್ತಿದ್ದದ್ದು ಗೇರಿನ ಬಗ್ಗೆ ಅಲ್ಲ, ಹೆಬ್ಬೆರಳಿನ ಬಗ್ಗೆ. ಚಕ್ರದ ಒಳಗೆ ಹೆಬ್ಬೆರಳು ಸಿಗಿಸಬೇಡ, ಹೊರಗಿಡು. ಗಾಲಿ ಕಲ್ಲಿಗೆ ತಾಗಿ ಸ್ಟೇರಿಂಗ್ ಗಿರ್ರೆಂದರೆ ಕಡ್ಡಿ ಬೆರಳನ್ನು ಮುರಿದುಕೊಂಡು ಹೋಗುತ್ತದೆ. ಅಂಥ ಚಕ್ರದ ಹಿಂದೆ ಆಯಸ್ಸು ಸವೆಸಿದ ಮನುಷ್ಯನಿಗೆ, ಹೆಚ್ಚಿನ ದುಡ್ಡು ಕೊಟ್ಟರೆ ಸ್ಟೇರಿಂಗು ಹಗುರಾಗುತ್ತದೆ ಎಂದಾಗ ಚೌಕಾಸಿ ಮಾಡುವ ಮನಸ್ಸೂ ಬರಲಿಲ್ಲ.

ಅದೇ ತಿಂಗಳು ಮಗ ಹೆಚ್ಚಿನ ದುಡ್ಡು ಕೊಟ್ಟು ಸ್ಟೇರಿಂಗು ಭಾರ ಮಾಡಿಸಿಕೊಂಡ.

ಅಪ್ಪ ಮಗನ ನಡುವೆ ನಡೆದ ಮಾತುಕತೆ ದೊಡ್ಡದೇನಲ್ಲ.

“ಯಾಕೋ, ಕೆಟ್ಟೋಗಿತ್ತಾ?”

“ಇಲ್ಲಪ್ಪಾ, ಚೆನ್ನಾಗೇ ಇತ್ತು.”

“ಮತ್ಯಾಕೋ ಬಿಚ್ಸಿದೆ?”

“ರೋಡ್ ಫೀಲ್ ಬರ್ತಿರ್ಲಿಲ್ಲ ಅಪ್ಪಾ.”

ದೊಡ್ಡ ಯಜಮಾನರು ಮಗನ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ.

ಈ ಪವರ್ ಸ್ಟೇರಿಂಗ್ ಎಂಬುದು ಹುಟ್ಟಿದ ಕಥೆಯನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಅದೇ ಒಂದು ವ್ಯಂಗ್ಯ ಬರಹ. ಫ್ರಾನ್ಸಿಸ್ ಡೇವಿಸ್ ಎಂಬ ಅಮೆರಿಕದ ಎಂಜಿನಿಯರ್ ಪಿಯರ್ಸ್–ಆರೋ ಕಂಪನಿಯ ಲಾರಿ ವಿಭಾಗದಲ್ಲಿದ್ದವನು. ಲಾರಿಯವರು ಸ್ಟೇರಿಂಗ್ ತಿರುಗಿಸಲು ಪಡುತ್ತಿದ್ದ ಪಾಡನ್ನು ಹತ್ತಿರದಿಂದ ಕಂಡಿದ್ದ. 1920ರ ದಶಕದಲ್ಲಿ ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ ಉಪಾಯ ಹುಡುಕಿದ. ಕಷ್ಟ ಲಾರಿಯವನದು, ಕಂಡವನು ಲಾರಿ ಎಂಜಿನಿಯರು. ಹಾಗಾದರೆ ಮೊದಲು ಅದು ಲಾರಿಗೆ ಬರಬೇಕಲ್ಲವೇ? ಎರಡನೇ ಮಹಾಯುದ್ಧದಲ್ಲಿ ಸೇನೆಯ ಉಕ್ಕಿನ ಗಾಡಿಗಳಿಗೆ ಬಂತು. 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಎಂಬ ಶ್ರೀಮಂತರ ಕಾರಿಗೆ ಬಂತು. ಅಲ್ಲಿಂದ ಮುಂದೆ ಸಾಹೇಬರು, ಸಾಹೇಬರ ಮಡದಿಯರು, ಸಾಹೇಬರ ಮಕ್ಕಳು ಎಲ್ಲರೂ ಒಂದೇ ಬೆರಳಲ್ಲಿ ತಿರುಗಿಸಿ, ತೃಪ್ತಿಪಟ್ಟು, ಬೇಜಾರಾದ ಮೇಲೆ ನಮ್ಮ ಕಡೆಯ ಲಾರಿ ಡ್ರೈವರಿನ ಕೈಗೆ ಅದು ತಲುಪಿತು. ಯಾರ ತೋಳು ನೋಡಿ ಕಂಡುಹಿಡಿದರೋ ಅವರಿಗೇ ಕಡೆಯಲ್ಲಿ. ಪಂಕ್ತಿಯಲ್ಲಿ ಅಡುಗೆಯವನು ಕೊನೆಗೆ ಉಣ್ಣುವ ಪದ್ಧತಿ ಅಮೆರಿಕದಲ್ಲೂ ಇದೆ ಎಂದಾಯಿತು.

ನಮ್ಮ ಕಡೆ ಹಳೆಯ ಟಾಟಾ ಲಾರಿಗಳ ಸ್ಟೇರಿಂಗನ್ನು ನೆನಪಿಸಿಕೊಳ್ಳಿ. ಅದು ಅಷ್ಟು ದೊಡ್ಡದಿದ್ದದ್ದು ಶೋಕಿಗಲ್ಲ. ಚಕ್ರ ಅಗಲವಾದಷ್ಟೂ ಸನ್ನೆಗೋಲು ಉದ್ದವಾದಂತೆ, ತಿರುಗಿಸುವ ಬಲ ಕಡಿಮೆ ಸಾಕು. ಆದರೂ ಮಾಲೂರಿನ ಹೆಂಚು, ಇಟ್ಟಿಗೆ ಹೊತ್ತ ಲಾರಿ ಕಾರ್ಖಾನೆ ಗೇಟಿನಲ್ಲಿ ತಿರುಗಬೇಕಾದರೆ ಡ್ರೈವರ್ ಸೀಟಿನಿಂದ ಅರ್ಧ ಎದ್ದು ನಿಂತು ಮೈಭಾರ ಹಾಕುತ್ತಿದ್ದ. ಕೆಳಗೆ ಕ್ಲೀನರ್ ಲಾರಿ ಮೈ ತಟ್ಟುತ್ತಾ “ಬರ್ಲಿ ಬರ್ಲಿ ಬರ್ಲಿ, ಫುಲ್ ಕಟ್ ಮಾಡಣ್ಣಾ, ಹೋಲ್ಡಾನ್!” ಎಂದು ಕೂಗುತ್ತಿದ್ದ. ಆ ಅಣ್ಣನಿಗೆ ರಸ್ತೆಯ ಫೀಲು ಹೇರಳವಾಗಿ ಸಿಗುತ್ತಿತ್ತು. ಭುಜದಲ್ಲಿ, ಕುತ್ತಿಗೆಯಲ್ಲಿ, ರಾತ್ರಿ ಮಲಗಿದ ಮೇಲೆ ಮುಂಗೈಯಲ್ಲಿ. ಅದಕ್ಕಾಗಿ ಅವನು ಯಾರಿಗೂ ಒಂದು ಪೈಸೆ ಕೊಟ್ಟವನಲ್ಲ. ಎಂಥ ಅದೃಷ್ಟವಂತ!

ಸರಿ, ಚಿಕ್ಕ ಯಜಮಾನರ ಕಾರಿಗೆ ಬರೋಣ. ಬೆಂಗಳೂರಿನ ದೊಡ್ಡ ವರ್ಕ್‌ಶಾಪುಗಳು ಕೈಯೆತ್ತಿದ ಮೇಲೆ ಕಾರು ಕೋಲಾರದ ಒಂದು ತಗಡಿನ ಶೆಡ್ಡಿಗೆ ಬಂತು. ಶೆಡ್ಡಿನ ಭಾಯ್ ಕೈಯಲ್ಲಿ ಪವರ್ ಸ್ಟೇರಿಂಗ್ ಹಾಕಿಸಿಕೊಂಡವರು ಎಷ್ಟೋ ಜನ. ತೆಗೆಸಲು ಬಂದವರು ಇಲ್ಲ. ಭಾಯ್ ಎರಡೆರಡು ಸಲ ಕೇಳಿದರು, “ಹಾಕೋದಾ ಸಾರ್, ತೆಗೆಯೋದಾ?” ಆಮೇಲೆ ಬಾನೆಟ್ ಎತ್ತಿ, ಕೆಲಸ ನೋಡಿ, ಅರ್ಧ ದಿನದ ಕೆಲಸವಲ್ಲ ಎಂದರು.

ಅವರು ಹೇಳಿದ್ದು ಸರಿ. ಜನ ಅಂದುಕೊಂಡಂತೆ ಇದು ಬೆಲ್ಟು ಕತ್ತರಿಸಿ ಪಂಪು ಎಸೆಯುವಷ್ಟು ಸಲೀಸಲ್ಲ. ಎಂಜಿನ್ನಿನ ಬೆಲ್ಟಿನಿಂದ ಪಂಪು ತಿರುಗುತ್ತದೆ, ಪಂಪು ಎಣ್ಣೆಯನ್ನು ಒತ್ತಡದಲ್ಲಿ ಹೋಸಿನ ಮೂಲಕ ಸ್ಟೇರಿಂಗ್ ರ‍್ಯಾಕಿಗೆ ಕಳಿಸುತ್ತದೆ. ನೀವು ಚಕ್ರ ತಿರುಗಿಸಿದಾಗ ಪಿನಿಯನ್ ತಲೆಯಲ್ಲಿರುವ ಒಂದು ಸಣ್ಣ ಉಕ್ಕಿನ ಕಡ್ಡಿ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಆ ತಿರುಚಿಗೆ ವಾಲ್ವು ತೆರೆದು, ಎಣ್ಣೆ ರ‍್ಯಾಕಿನೊಳಗಿನ ಪಿಸ್ಟನ್ನನ್ನು ಬೇಕಾದ ಕಡೆಗೆ ದೂಡುತ್ತದೆ. ಇಷ್ಟೇ ಪವರ್ ಸ್ಟೇರಿಂಗಿನ ಗುಟ್ಟು. ಈಗ ಪಂಪು ತೆಗೆದು ಹೋಸಿಗೆ ಬಿರಡೆ ಹಾಕಿದಿರಿ ಅನ್ನಿ. ಒಳಗಿನ ಪಿಸ್ಟನ್ನು, ಸೀಲುಗಳು ಅಲ್ಲೇ ಇರುತ್ತವೆ. ಉಳಿದ ಎಣ್ಣೆಯನ್ನೋ ಗಾಳಿಯನ್ನೋ ಆ ಕಡೆಯಿಂದ ಈ ಕಡೆಗೆ ನಿಮ್ಮ ತೋಳೇ ದೂಡಬೇಕು. ಅದು ಪವರೂ ಅಲ್ಲ, ಮ್ಯಾನುಯಲ್ಲೂ ಅಲ್ಲ. ಸಂಬಳ ನಿಲ್ಲಿಸಿದ ಮೇಲೂ ಮನೆ ಬಿಡದ ಆಳಿನಂತೆ ಅಡ್ಡಾಡುತ್ತದೆ. ಅದಕ್ಕೆ ರ‍್ಯಾಕನ್ನು ಪೂರ್ತಿ ಬಿಚ್ಚಿ, ಪಿಸ್ಟನ್ನಿನ ಸೀಲು ಕಿತ್ತು, ತಿರುಚಿಕೊಳ್ಳುವ ಕಡ್ಡಿಯ ಜಾಗವನ್ನು ವೆಲ್ಡ್ ಮಾಡಿ ಬಿಗಿಗೊಳಿಸಿ, ಹೊಸ ಗ್ರೀಸ್ ತುಂಬಿ ಕೂರಿಸಬೇಕು. ವೆಲ್ಡ್ ಮಾಡದಿದ್ದರೆ ಪ್ಲೇ ಎಂಬ ಸಡಿಲ ಉಳಿಯುತ್ತದೆ. ವೆಲ್ಡ್ ತಪ್ಪಾದರೆ ಏನು ಉಳಿಯುತ್ತದೆ ಎಂದು ಭಾಯ್ ಹೇಳಲಿಲ್ಲ, ಆಕಾಶ ತೋರಿಸಿದರು.

ಇನ್ನೂ ಒಂದು ತೊಡಕಿದೆ. ಪವರ್ ರ‍್ಯಾಕಿನ ಹಲ್ಲಿನ ಲೆಕ್ಕವೇ ಬೇರೆ. ಎಣ್ಣೆ ಸಹಾಯಕ್ಕಿದೆ ಎಂದು ಕಂಪನಿಯವರು ಕಡಿಮೆ ಸುತ್ತಿನಲ್ಲಿ ಗಾಲಿ ಪೂರ್ತಿ ತಿರುಗುವ ಹಾಗೆ ಮಾಡಿರುತ್ತಾರೆ. ಹುಟ್ಟಾ ಮ್ಯಾನುಯಲ್ ಆದ ರ‍್ಯಾಕಿನಲ್ಲಿ ಸುತ್ತು ಜಾಸ್ತಿ, ಬಲ ಕಡಿಮೆ. ಪವರ್ ರ‍್ಯಾಕನ್ನೇ ಮ್ಯಾನುಯಲ್ ಮಾಡಿದರೆ ಸುತ್ತು ಕಡಿಮೆ, ಬಲ ಜಾಸ್ತಿ. ಅದರ ಮೇಲೆ ಮುಂದಿನ ಗಾಲಿಗೆ ಅಗಲದ ಟೈರು. ಓಡುವಾಗ ಪರವಾಗಿಲ್ಲ, ನಿಂತಲ್ಲೇ ತಿರುಗಿಸುವಾಗ ರಬ್ಬರು ಡಾಂಬರನ್ನು ಕಚ್ಚಿ ಹಿಡಿಯುತ್ತದೆ. ಅಲೈನ್‌ಮೆಂಟಿನಲ್ಲಿ ಕ್ಯಾಸ್ಟರ್ ಇಳಿಸಿದರೆ ಸ್ವಲ್ಪ ಹಗುರ, ಸ್ಟೇರಿಂಗ್ ಚಕ್ರ ದೊಡ್ಡದು ಹಾಕಿದರೆ ಇನ್ನೂ ಸ್ವಲ್ಪ ಹಗುರ. ಆದರೆ ಚಿಕ್ಕ ಯಜಮಾನರು ಹಾಕಿಸಿದ್ದು ರೇಸಿನವರ ಹಾಗೆ ಸಣ್ಣ ಚಕ್ರ. ಕಷ್ಟ ಕೊಳ್ಳುವಾಗ ಕಂಜೂಸಿ ಮಾಡಬಾರದು ನೋಡಿ.

ಹೊಸ ಕಾರುಗಳವರು ನಗುವುದು ಬೇಡ. ಅವುಗಳಲ್ಲಿ ಎಣ್ಣೆಯ ಬದಲು ಕರೆಂಟಿನ ಮೋಟಾರು. ಜಪಾನಿನ ಸುಜುಕಿಯವರು 1988ರಲ್ಲಿ ಸೆರ್ವೋ ಎಂಬ ಪುಟ್ಟ ಕಾರಿಗೆ ಹಾಕಿದ್ದೇ ಇದರ ಮೊದಲು. ಫ್ಯೂಸ್ ಕಿತ್ತರೆ ಮುಗಿಯಿತು ಎಂದು ಕಿತ್ತವರಿಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಕಣ್ಣು ಹೊಡೆಯುತ್ತದೆ. ಸತ್ತ ಮೋಟಾರನ್ನೂ ಅದರ ಗೇರನ್ನೂ ಪ್ರತಿ ತಿರುವಿನಲ್ಲಿ ನಿಮ್ಮ ಕೈಯೇ ಹೊರಬೇಕು.

ಇಷ್ಟೆಲ್ಲ ಮಾಡಿ ಉಳಿಸಿದ ತೂಕ ಎಷ್ಟು? ಹತ್ತು ಕಿಲೋ ಆಸುಪಾಸು. “ವೆಯ್ಟ್ ರಿಡಕ್ಷನ್” ಎಂದು ಚಿಕ್ಕ ಯಜಮಾನರು ಎದೆಯುಬ್ಬಿಸಿದರು. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸೊಂದಕ್ಕೆ 15 ಕಿಲೋ. ಅಂದರೆ ಒಂದು ಬಾಕ್ಸ್ ಟೊಮೆಟೊವಿನಷ್ಟೂ ಭಾರ ಇಳಿದಿಲ್ಲ. 2023ರ ಜುಲೈನಲ್ಲಿ ಬಾಕ್ಸ್ ಬೆಲೆ 2 ಸಾವಿರ ರೂಪಾಯಿ ದಾಟಿದಾಗಲಾದರೂ ಒಂದು ಬಾಕ್ಸ್ ಇಳಿಸಿದ್ದಕ್ಕೆ ಅರ್ಥವಿತ್ತು. ಇನ್ನು ಚಿಕ್ಕ ಯಜಮಾನರ ಹೊಟ್ಟೆಯ ವಿಷಯ ನಾನು ಎತ್ತುವುದಿಲ್ಲ, ಅದು ವೈಯಕ್ತಿಕ. ಆದರೆ ಅವರು ಮುಳಬಾಗಿಲು ದೋಸೆಯನ್ನು ಎರಡಕ್ಕೆ ನಿಲ್ಲಿಸಿದ್ದರೆ ಪಂಪು ಅದರ ಪಾಡಿಗೆ ಇದ್ದಿರಬಹುದಿತ್ತು.

ನ್ಯಾಯವಾಗಿ ಹೇಳಬೇಕೆಂದರೆ ಫೀಲು ಎಂಬುದು ಪೂರ್ತಿ ಸುಳ್ಳಲ್ಲ. ಎಣ್ಣೆಯ ಅಡ್ಡಿಯಿಲ್ಲದ ಸ್ಟೇರಿಂಗಿನಲ್ಲಿ ಮುಂದಿನ ಗಾಲಿ ಹಿಡಿತ ಬಿಡುವ ಸುದ್ದಿ ಅಂಗೈಗೆ ಮೊದಲೇ ಬರುತ್ತದೆ. ಲೋಟಸ್ ಎಲಿಸ್, ಆಲ್ಫಾ ರೋಮಿಯೊ 4ಸಿ ಥರದ ಕಾರುಗಳನ್ನು ಪವರ್ ಸ್ಟೇರಿಂಗ್ ಇಲ್ಲದೆಯೇ ಮಾಡಿದ್ದು ಅದಕ್ಕೇ. ಆದರೆ ಅವು ಹುಟ್ಟುತ್ತಲೇ ಹಗುರ. ಎಂಜಿನ್ನು ಡ್ರೈವರಿನ ಬೆನ್ನ ಹಿಂದೆ, ಮುಂದಿನ ಗಾಲಿಯ ಮೇಲೆ ಭಾರವೇ ಇಲ್ಲ. ಅಮೆರಿಕದ ಇಂಡಿಕಾರ್ ರೇಸಿನವರಿಗೂ ಪವರ್ ಸ್ಟೇರಿಂಗ್ ಇಲ್ಲ. ಅವರ ತೋಳು ನೋಡಿ, ನಮ್ಮ ಎಪಿಎಂಸಿ ಹಮಾಲರ ತೋಳಿನ ಹಾಗಿರುತ್ತದೆ. ಚಿಕ್ಕ ಯಜಮಾನರ ಕೋಣೆಯ ಗೋಡೆಯ ಮೇಲಿರುವುದು ಫಾರ್ಮುಲಾ 1 ಕಾರಿನ ದೊಡ್ಡ ಚಿತ್ರ. ಫಾರ್ಮುಲಾ 1 ಕಾರುಗಳಿಗೆ ಪವರ್ ಸ್ಟೇರಿಂಗ್ ಇದೆ. ಹೇಳಿ ಯಾಕೆ ಅವರ ಮನಸ್ಸು ನೋಯಿಸಬೇಕು?

ನಿಜಕ್ಕೂ ಮ್ಯಾನುಯಲ್ ಸ್ಟೇರಿಂಗಿನ ಫೀಲು ಬೇಕಾದವರಿಗೆ ಈ ದೇಶದಲ್ಲಿ ಒಂದು ಅಗ್ಗದ ದಾರಿ ಇತ್ತು. 1983ರಿಂದ 2014ರವರೆಗೆ ಬಂದ ಮಾರುತಿ 800. ಹಗುರ ಮೈ, ಕಡ್ಲೆಪುರಿಯಂಥ ಟೈರು. ನಾಣ್ಯದ ಮೇಲೆ ಗಾಲಿ ಹತ್ತಿದರೆ ಅದು ಒಂದು ರೂಪಾಯಿಯೋ ಎರಡೋ ಎಂದು ಅಂಗೈಗೆ ಗೊತ್ತಾಗುತ್ತಿತ್ತು. ಕೋಲಾರದ ಬೀದಿಗಳಲ್ಲಿ ಮೇಷ್ಟ್ರುಗಳು, ಎಲ್‌ಐಸಿ ಏಜೆಂಟರು ವರ್ಷಾನುಗಟ್ಟಲೆ ಈ ಪರಿಶುದ್ಧ ಅನುಭವವನ್ನು ಪಡೆಯುತ್ತಿದ್ದರು, ಪಾಪ, ಅದು ಅನುಭವ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಸಾಲ ತೀರಿದ ಕೂಡಲೇ ಅದನ್ನು ಮಾರಿ ಪವರ್ ಸ್ಟೇರಿಂಗ್ ಕಾರು ತಂದರು.

ಕಾನೂನಿನ ಮಾತೂ ಒಂದಿಷ್ಟು ಇರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಗಾಡಿಯನ್ನು ಆರ್‌ಸಿಯಲ್ಲಿರುವ ವಿವರ ಬದಲಾಗುವಂತೆ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದೆ ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಎಂದು ಸೇರಿಸಿದರು. ಈಗ ಪ್ರಶ್ನೆ: ಪಂಪು ತೆಗೆದದ್ದು ಒಂದು ಮಾರ್ಪಾಡೋ, ಹೋಸು, ಸೀಲು, ವೆಲ್ಡಿಂಗು ಬೇರೆ ಬೇರೆಯೋ? ಆರ್‌ಸಿಯಲ್ಲಿ ಗಾಡಿಯ ಬಣ್ಣ, ಚಾಸಿ ನಂಬರು, ಖಾಲಿ ತೂಕ ಇರುತ್ತದೆ. ಸ್ಟೇರಿಂಗ್ ಎಷ್ಟು ಭಾರ ಎಂಬ ಕಾಲಂ ಇಲ್ಲ. ಕೋಲಾರದ ಕೆಎ 07 ಆರ್‌ಟಿಒದವರು ಇದನ್ನು ತೀರ್ಮಾನಿಸಲು ಕೂತರೆ ಫೈಲು ಬೆಂಗಳೂರಿಗೆ ಹೋಗಿ, ಸ್ಪಷ್ಟೀಕರಣ ಕೋರಿ, ಮರಳಿ ಬರುವ ಹೊತ್ತಿಗೆ ಕಾರು ಗುಜರಿಗೆ ಹೋಗಿರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಇನ್ನೊಂದು ಸಾಲಿದೆ: ಸ್ಟೇರಿಂಗಿನ ಪ್ಲೇ 30 ಡಿಗ್ರಿ ಮೀರಬಾರದು. ಎಪಿಎಂಸಿ ಗೇಟಿನಲ್ಲಿ ಇದನ್ನು ಓದಿ ಹೇಳಿ ನೋಡಿ. ಅಲ್ಲಿಗೆ ಬರುವ ಕೆಲವು ಪಿಕಪ್‌ಗಳಲ್ಲಿ 30 ಡಿಗ್ರಿ ತಿರುಗಿಸಿದ ಮೇಲೆಯೇ ಸ್ಟೇರಿಂಗಿಗೆ ಎಚ್ಚರವಾಗುವುದು. ವಿಮೆಯವರಂತೂ ಸುಮ್ಮನಿದ್ದಾರೆ. ಕ್ಲೇಮು ನಿರಾಕರಿಸಲು ನೆಪ ಹುಡುಕಿ ಸುಸ್ತಾಗುವವರ ಮನೆ ಬಾಗಿಲಿಗೆ ನೆಪವೇ ಕೆಂಪು ಕಾರಿನಲ್ಲಿ ಬಂದು ನಿಂತರೆ ಯಾರು ಮಾತಾಡುತ್ತಾರೆ?

ಭಾನುವಾರ ಬಂತು. ಬೆಂಗಳೂರಿನ ದುಬಾರಿ ಗಾಡಿಗಳೆಲ್ಲ ನಸುಕಿನಲ್ಲೇ ಹಳೇ ಮದ್ರಾಸ್ ರಸ್ತೆ ಹಿಡಿದು ಕೋಲಾರ, ಮುಳಬಾಗಿಲು ಕಡೆ ತಿಂಡಿಗೆ ಹೊರಡುವ ದಿನ. ಹೆದ್ದಾರಿ 75ರಲ್ಲಿ ಕಾರು ಬಾಣದಂತೆ ಹೋಯಿತು. ಅಲ್ಲಿ ಸ್ಟೇರಿಂಗ್ ತಿರುಗಿಸುವ ಕೆಲಸವೇ ಇಲ್ಲವಲ್ಲ. ಚಿಕ್ಕ ಯಜಮಾನರು ಗೆಳೆಯನಿಗೆ ಹೇಳಿದರು, “ರೋಡು ನನ್ನ ಜೊತೆ ಮಾತಾಡ್ತಿದೆ ಮಗಾ.”

ಮಾತಾಡದೆ ಏನು? ನಮ್ಮ ಜಿಲ್ಲೆಯ ರಸ್ತೆಗಳು ಮೂಕವಾಗಿದ್ದದ್ದು ಯಾವಾಗ? ಹೆದ್ದಾರಿ ಇಂಗ್ಲಿಷಿನಲ್ಲಿ ಮೆಲ್ಲಗೆ ಮಾತಾಡುತ್ತದೆ. ಅದರಿಂದ ಇಳಿದು ಕೋಲಾರ ಪೇಟೆಗೆ ಬಂದರೆ ಡೂಂಲೈಟ್ ಸರ್ಕಲ್ಲಿನಿಂದ ಕ್ಲಾಕ್ ಟವರ್ ತನಕ ರಸ್ತೆ ತೆಲುಗು, ಕನ್ನಡ, ಉರ್ದು ಮೂರರಲ್ಲೂ ಬಯ್ಯುತ್ತದೆ. ಕೇಬಲ್ಲಿಗೆಂದು ಅಗೆದದ್ದು, ನೀರಿನ ಪೈಪಿಗೆಂದು ಅಗೆದದ್ದು, ಹಿಂದೆ ಅಗೆದದ್ದನ್ನು ಮುಚ್ಚಲೆಂದು ಅಗೆದದ್ದು, ಒಂದೊಂದೂ ಒಂದೊಂದು ವಾಕ್ಯ. ಬಣ್ಣ ಬಳಿಯದ ಹಂಪು ಆಶ್ಚರ್ಯಸೂಚಕ ಚಿಹ್ನೆ. ಇಷ್ಟನ್ನೂ ಎಣ್ಣೆಯ ಅಡ್ಡಿಯಿಲ್ಲದೆ ಅಂಗೈಯಲ್ಲಿ ಓದಿಕೊಂಡ ಚಿಕ್ಕ ಯಜಮಾನರಿಗೆ, ಸಾಲದ್ದಕ್ಕೆ, ಒಂದು ಗುಂಡಿಯಲ್ಲಿ ಚಕ್ರ ಗಿರ್ರೆಂದು ಹೊಡೆದು ಬಲಗೈ ಹೆಬ್ಬೆರಳು ಊದಿತು. ಅದನ್ನು ಹೊರಗಿಡಬೇಕು ಎಂದು ಅಪ್ಪ ಹೇಳಿಕೊಡುವ ಕಾಲಕ್ಕೆ ಇವರು ಕಾನ್ವೆಂಟಿಗೆ ಹೋಗಿದ್ದರು.

ಮುಳಬಾಗಿಲಿನಲ್ಲಿ ದೋಸೆ ಚೆನ್ನಾಗಿತ್ತು. ದಪ್ಪಗೆ, ಗರಿಗರಿಯಾಗಿ, ಸುತ್ತ ತುಪ್ಪ ಹರಿದು. ತೊಂದರೆ ಶುರುವಾದದ್ದು ತಿಂದ ಮೇಲೆ. ಓಣಿಯಲ್ಲಿ ನಿಲ್ಲಿಸಿದ್ದ ಕಾರಿನ ಮುಂದೆ ಒಂದು ಆಟೊ, ಹಿಂದೆ ಒಂದು ಹಾಲಿನ ಟೆಂಪೊ, ಪಕ್ಕದಲ್ಲಿ ಚರಂಡಿ. ನಿಂತಲ್ಲೇ ಸ್ಟೇರಿಂಗ್ ಕಟ್ ಮಾಡಿ ಹೊರಬರಬೇಕು. ಚಿಕ್ಕ ಯಜಮಾನರು ಎರಡೂ ಕೈಯಲ್ಲಿ ಎಳೆದರು. ಜಗ್ಗಲಿಲ್ಲ. ಕಾಲನ್ನು ಡ್ಯಾಶ್‌ಬೋರ್ಡಿಗೆ ಒತ್ತಿ ಎಳೆದರು. ತುಪ್ಪದ ಕೈ ಜಾರಿತು. ಹೊರಗೆ ಹತ್ತು ಜನ ಸೇರಿದರು, ಹತ್ತೂ ಜನ ಮಾರ್ಗದರ್ಶಕರೇ. “ಲೆಫ್ಟ್ ಹೊಡಿ ಸಾರ್, ಉಲ್ಟಾ ಹೊಡಿ, ಇನ್ನೂ ಹೊಡಿ, ಹಂಗೇ ಬಾ, ಹಂಗೇ ಬಾ!” ಒಬ್ಬ ಹಿರಿಯರು ಕಿಟಕಿಗೆ ಬಗ್ಗಿ ಬಹಳ ಮರುಕದಿಂದ ಕೇಳಿದರು, “ಸ್ಟೇರಿಂಗ್ ಜಾಮ್ ಆಗೈತಾ ಸ್ವಾಮಿ? ಆಯಿಲ್ ಖಾಲಿಯಾಗಿರ್ಬೇಕು ನೋಡಿ.”

“ಇಲ್ಲ ಯಜಮಾನ್ರೇ, ನಾನೇ ತೆಗೆಸಿದ್ದು.”

ಹಿರಿಯರು ಮತ್ತೇನೂ ಕೇಳಲಿಲ್ಲ. ಹಿಂದಿದ್ದವರಿಗೆ ಕೈಸನ್ನೆ ಮಾಡಿದರು. ನಾಲ್ಕು ಜನ ಕಾರಿನ ಮೂತಿಯನ್ನು ಎತ್ತಿ ಪಕ್ಕಕ್ಕಿಟ್ಟರು. ಒಂದು ಬಾಕ್ಸ್ ಟೊಮೆಟೊಗಿಂತ ಕಡಿಮೆ ತೂಕ ಇಳಿಸಿದ್ದು ಆಗ ಮಾತ್ರ ಪ್ರಯೋಜನಕ್ಕೆ ಬಂದಿರಬೇಕು.

ಅಲ್ಲಿಂದ ಶ್ರೀನಿವಾಸಪುರ. ಜೂನ್ ತಿಂಗಳು. ಮಾವಿನ ಮಂಡಿಗಳ ಮುಂದೆ ತೋತಾಪುರಿ ತುಂಬಿದ ಟ್ರ್ಯಾಕ್ಟರು, ಲಾರಿಗಳ ಸಾಲು, ರಸ್ತೆಯ ಮೇಲೆ ಗಾಲಿಗೆ ಸಿಕ್ಕ ಹಣ್ಣಿನ ಲೋಳೆ. ಇಲ್ಲಿನ ಡ್ರೈವರುಗಳಿಗೆ ಗಾಡಿ ತಿರುಗಿಸುವ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಿಲ್ಲ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಬರಬಾರದು ಎಂದಿತು. ನಮ್ಮ ತೋತಾಪುರಿಯೋ ಅಲ್ಲಿಯ ಪಲ್ಪ್ ಕಾರ್ಖಾನೆಗಳನ್ನೇ ನಂಬಿದ ಹಣ್ಣು. ನಮ್ಮ ಮುಖ್ಯಮಂತ್ರಿಗಳು ಅವರ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಪತ್ರ ಹೋಗಿ ತಲುಪುವವರೆಗೆ ಲೋಡು ಲಾರಿಯನ್ನು ಗಡಿಯಲ್ಲಿ ಹಿಂದಕ್ಕೆ ತಿರುಗಿಸುವ ಕೆಲಸ ಪತ್ರ ಬರೆದವರದಲ್ಲ, ಸ್ಟೇರಿಂಗ್ ಹಿಡಿದವನದು. ಹಣ್ಣು ಕೊಳೆಯುವ ಮುನ್ನ ತಿರುಗಿಸಬೇಕು. ಆಗಿನ ಫೀಲು ಯಾವ ರೇಸ್ ಟ್ರ್ಯಾಕಿನಲ್ಲೂ ಸಿಗಲಾರದು.

ರಾಯಲ್ಪಾಡು ಕಡೆಯಿಂದಲೋ ವಡ್ಡಹಳ್ಳಿ ಕಡೆಯಿಂದಲೋ ರಾತ್ರಿ ಟೊಮೆಟೊ ತುಂಬಿ ಹೊರಡುವ ಹಳೆಯ ಪಿಕಪ್ ಓಡಿಸುವವನನ್ನು ಒಮ್ಮೆ ಹತ್ತಿರದಿಂದ ನೋಡಿ. ಅವನ ಅಂಗೈಯಲ್ಲಿ ಸ್ಟೇರಿಂಗ್ ಅಚ್ಚಿನ ಗಟ್ಟಿ ಚರ್ಮ. ಸ್ಟೇರಿಂಗಿಗೆ ಸುತ್ತಿದ ಪ್ಲಾಸ್ಟಿಕ್ ದಾರ ಬೆವರಿಗೆ ಕಪ್ಪಾಗಿದೆ. ಕಾಲ ಬುಡದಲ್ಲಿ ಎಂಜಿನ್ ಬಿಸಿ, ಎ.ಸಿ. ಎಂಬುದು ಕಿಟಕಿ. ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ ಎಂಬ ನಿಯಮ 2025ರಲ್ಲಿ ಹೊಸದಾಗಿ ತಯಾರಾಗುವ ಗಾಡಿಗಳಿಗೆ ಬಂತು, ಅದೂ 3.5 ಟನ್ ಮೀರಿದವಕ್ಕೆ. ಟೊಮೆಟೊ ಪಿಕಪ್‌ಗಳು ಬಹುತೇಕ ಆ ಗೆರೆಯ ಕೆಳಗೆ. ಸರ್ಕಾರದ ಲೆಕ್ಕದಲ್ಲಿ ಸೆಕೆ ಶುರುವಾಗುವುದು ಮೂರೂವರೆ ಟನ್ನಿನ ಮೇಲೆ. ಅಂದ ಹಾಗೆ ಚಿಕ್ಕ ಯಜಮಾನರ ಮುಂದಿನ ಯೋಜನೆ ಎ.ಸಿ. ಕಂಪ್ರೆಸರನ್ನೂ ತೆಗೆಸುವುದು. ಇನ್ನಷ್ಟು ಟೊಮೆಟೊ ಇಳಿದಂತೆ.

ಈ ಬಿಚ್ಚಿದ ಪಂಪು, ಬಿಚ್ಚಲಿರುವ ಕಂಪ್ರೆಸರು ಎಲ್ಲ ಎಲ್ಲಿಗೆ ಹೋಗುತ್ತವೆ ಎಂದು ಭಾಯ್‌ರನ್ನು ಕೇಳಿದರೆ ಶೆಡ್ಡಿನ ಮೂಲೆ ತೋರಿಸುತ್ತಾರೆ. ಯಾವುದಾದರೂ ಬಡಪಾಯಿ ಗಾಡಿಗೆ ಹೊಂದಿದರೆ ಹೊಂದೀತು. ನಮಗಿದು ಹೊಸದೇನಲ್ಲ. ಬೆಂಗಳೂರು ಕುಡಿದು, ಮಿಂದು, ತೊಳೆದು ಬಿಟ್ಟ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿದೆ, ಎರಡು ಹಂತ ಶುದ್ಧೀಕರಿಸಿ. ಮೂರನೇ ಹಂತವನ್ನೂ ಮಾಡಿ ಕಳಿಸಿ ಎಂದು ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ. ನೀರು ಬಂತಲ್ಲ ಎಂದು ಕೆರೆ ತುಂಬಿದ್ದನ್ನು ನೋಡಿ ಸಂತೋಷಪಟ್ಟವರೂ ಇದ್ದಾರೆ, ಮೂಗು ಮುಚ್ಚಿದವರೂ ಇದ್ದಾರೆ. ಸುಖವೂ ಹಾಗೇ ಬರುತ್ತಿದೆ. ಅವರಿಗೆ ಸಾಕಾದ ಮೇಲೆ, ಎರಡು ಹಂತ ಸೋಸಿ.

ಚಿಕ್ಕ ಯಜಮಾನರ ಬಗ್ಗೆ ನನಗೆ ಸಿಟ್ಟಿಲ್ಲ. ಅವರ ಕೈಯಲ್ಲಿ ಒಂದು ಬೀಗದ ಕೈ ಇದೆ, ಅದು ಬೇರೆಯವರ ಕೈಯಲ್ಲಿಲ್ಲ. ಭುಜ ನೋವಾದ ದಿನ ಕಾರನ್ನು ಬೇಸ್‌ಮೆಂಟಿಗೆ ಹಾಕಿ ಆಫೀಸಿಗೆ ಇನ್ನೊಂದು ಕಾರಿನಲ್ಲಿ ಹೋಗುತ್ತಾರೆ. ಪಿಕಪ್ಪಿನವನ ಭುಜ ನೋವಾದರೆ ಟೊಮೆಟೊ ತೋಟದಲ್ಲೇ ಉಳಿಯುತ್ತದೆ. ಒಬ್ಬನು ಕಷ್ಟಕ್ಕೆ ಭಾನುವಾರ ಬಂದು ಹೋಗುತ್ತಾನೆ, ಇನ್ನೊಬ್ಬನಿಗೆ ಅದೇ ಮನೆಯ ವಿಳಾಸ. ಬಂದು ಹೋಗುವವನು ಮನೆಯವನಿಗೆ “ನಿಮ್ಮನೆ ಎಷ್ಟು ಚೆನ್ನಾಗಿದೆ, ಯಾಕೆ ಬಿಡ್ತೀರಾ?” ಎಂದು ಕೇಳಿದಾಗ ಮಾತ್ರ ಸ್ವಲ್ಪ ಮೈ ಉರಿಯುತ್ತದೆ.

ಸಂಜೆ ಕಾರು ಮಾಲೂರಿನ ಹಟ್ಟಿ ತಲುಪಿತು. ದೊಡ್ಡ ಯಜಮಾನರು ಹೊಲದಿಂದ ಬಂದು, ಟ್ರ್ಯಾಕ್ಟರನ್ನು ಒಂದೇ ಕೈಯಲ್ಲಿ ತಿರುಗಿಸಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಮಾತಾಡುತ್ತಾ ಕೊಟ್ಟಿಗೆಗೆ ಹಾಕಿದರು. ಮಗ ಗೇಟಿನಲ್ಲಿ ಮೂರು ಸಲ ಹಿಂದೆ ಮುಂದೆ ಮಾಡಿ, ನಾಲ್ಕನೇ ಸಲಕ್ಕೆ ಹಾರ್ನ್ ಹೊಡೆದ. ಅಪ್ಪ ಹೊರಗೆ ಬಂದು ನೋಡಿ, “ಅಲ್ಲೇ ಬಿಡು, ಟ್ರ್ಯಾಕ್ಟರಲ್ಲಿ ಎಳ್ಕೊಳಣ” ಎಂದರು.

ಭಾನುವಾರ ಮುಳಬಾಗಿಲಿಗೆ ದೋಸೆ ತಿನ್ನಲು ಬರುವ ಇಂಥ ಕಾರುಗಳ ಯಜಮಾನರಲ್ಲಿ ಒಂದು ವಿನಂತಿ. ಬನ್ನಿ, ಹೊಟ್ಟೆ ತುಂಬ ತಿನ್ನಿ, ಫೀಲೂ ಪಡೆಯಿರಿ. ಕಾರನ್ನು ಮಾತ್ರ ಹೆದ್ದಾರಿ ಪಕ್ಕದ ಬಯಲಿನಲ್ಲಿ ನಿಲ್ಲಿಸಿ ಪೇಟೆಯೊಳಗೆ ನಡೆದು ಬನ್ನಿ. ಸೀಸನ್ನಿನಲ್ಲಿ ಎತ್ತಿ ಪಕ್ಕಕ್ಕಿಡಲು ನಮ್ಮಲ್ಲಿ ಆಳು ಸಿಗುವುದಿಲ್ಲ. ಇರುವವರೆಲ್ಲ ಮಂಡಿಯಲ್ಲಿ ಬಾಕ್ಸ್ ಎತ್ತುತ್ತಿರುತ್ತಾರೆ.